ಖಾಲಿ ಮನೆಯ ಕರೆಂಟ್ ಬಿಲ್ಲು

ನಮ್ಮ ಮನೆಯಲ್ಲಿ ಮಗ್ಗದ ಸದ್ದು ನಿಂತ ಮೇಲೆ ಶುರುವಾದದ್ದು ನೀರಿನ ಮೋಟರಿನ ಸದ್ದು. ದೊಡ್ಡಬಳ್ಳಾಪುರದ ಹಳೇ ಪೇಟೆಯ ಅಂಚಿನಲ್ಲಿ ಅಪ್ಪನ ನಾಲ್ಕು ವಿದ್ಯುತ್ ಮಗ್ಗದ ಶೆಡ್ಡು ಇತ್ತು. ರೇಷ್ಮೆ ನೂಲಿನ ದರ ಏರುತ್ತಲೇ ಹೋಗಿ ನೇಯ್ಗೆಯ ಕೂಲಿ ನಿಂತಲ್ಲೇ ನಿಂತಾಗ ಒಂದೊಂದೇ ಮಗ್ಗ ಗುಜರಿಗೆ ಹೋಯಿತು. ಕೊನೆಯದೂ ಹೋದ ವರ್ಷ ಅಪ್ಪ ಶೆಡ್ಡಿನೊಳಗೆ ಸಿಮೆಂಟ್ ಇಟ್ಟಿಗೆಯ ಅಡ್ಡಗೋಡೆ ಎಬ್ಬಿಸಿ ಆರು ಮನೆ ಮಾಡಿದ. ಮನೆಯೆಂದರೆ ಹತ್ತಡಿಯ ಒಂದು ರೂಮು, ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲದ ಅಡುಗೆಮನೆ, ಒಂದು ಬಚ್ಚಲು. ಸಾಲಿನ ತುದಿಯಲ್ಲಿ ಸಂಪು, ಮೇಲೆ ಕರೀ ಟ್ಯಾಂಕು. ಅಪ್ಪ ತೀರಿಕೊಂಡ ಮೇಲೆ ಅಮ್ಮ ‘ಓನರಮ್ಮ’ ಆದಳು. ಆ ಹೆಸರಿನಿಂದ ಯಾರಾದರೂ ಕರೆದರೆ ಇವತ್ತಿಗೂ ಅವಳು ಹಿಂದೆ ತಿರುಗಿ ನೋಡುತ್ತಾಳೆ, ಬೇರೆ ಯಾರನ್ನೋ ಕರೆದರು ಎಂಬಂತೆ.

ಅವಳ ಹತ್ತಿರ ಒಂದು ಪುಸ್ತಕವಿದೆ. ಕೆಂಪು ಬಟ್ಟೆಯ ರಟ್ಟು, ಉದ್ದನೆಯ ಹಾಳೆ. ಮೊದಲರ್ಧದಲ್ಲಿ ಅಪ್ಪನ ಕೈಬರಹ: ಯಾವ ಸಾಹುಕಾರರಿಂದ ಎಷ್ಟು ನೂಲು ಬಂತು, ಎಷ್ಟು ಸೀರೆ ಹೋಯಿತು, ಎಷ್ಟು ಕೂಲಿ ಬಾಕಿ. ಆಮೇಲೆ ನಾಲ್ಕು ಖಾಲಿ ಹಾಳೆ. ಆಮೇಲೆ ಅಮ್ಮನದು: ‘2ನೇ ಮನೆ, ಬಾಡಿಗೆ ಬಂತು, ನೀರಿನ ದುಡ್ಡು ಬಾಕಿ. 5ನೇ ಮನೆ, ನಲ್ಲಿ ವಾಷರು, 15 ರೂ. ನನ್ನದು.’ ಆ ‘ನನ್ನದು’ ಎಂದರೆ ಖರ್ಚು ಮಾಲೀಕರ ಲೆಕ್ಕಕ್ಕೆ ಎಂದು. ವಾಷರು ಸವೆದರೆ ಮಾಲೀಕರದ್ದು, ನಲ್ಲಿಯನ್ನೇ ಮುರಿದರೆ ಬಾಡಿಗೆಯವರದ್ದು. ಈ ಕಾನೂನನ್ನು ಅವಳೇ ಮಾಡಿಕೊಂಡದ್ದು.

ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಇಂಥ ಓನರಮ್ಮಂದಿರು, ಓನರಪ್ಪಂದಿರು ಈಗ ಬೀದಿಗೆ ಹತ್ತು ಜನ. ಜಿಲ್ಲೆ ಹುಟ್ಟಿದ್ದು 1986ರಲ್ಲಿ. ರಾಮನಗರ ಬೇರೆಯಾದ 2007ರ ನಂತರ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂಬ ನಾಲ್ಕೇ ತಾಲ್ಲೂಕು ಉಳಿದವು. 2025ರ ಜುಲೈನಲ್ಲಿ ನಂದಿ ಬೆಟ್ಟದ ಸಂಪುಟ ಸಭೆ ಇದಕ್ಕೆ ‘ಬೆಂಗಳೂರು ಉತ್ತರ’ ಎಂದು ಹೆಸರಿಡಲು ತೀರ್ಮಾನಿಸಿತು. ‘ಗ್ರಾಮಾಂತರ’ ಎಂಬ ಮಾತು ಕಾಗದದಿಂದ ಹೋಗುವುದಕ್ಕೆ ಎಷ್ಟೋ ಮೊದಲೇ ಬೀದಿಗಳಿಂದ ಹೋಗಿತ್ತು. ದೇವನಹಳ್ಳಿಯ ಬಳಿ 2008ರ ಮೇ ತಿಂಗಳಲ್ಲಿ ವಿಮಾನ ಹಾರತೊಡಗಿದಾಗ ಸುತ್ತಲಿನ ಚಕ್ಕೋತ, ದ್ರಾಕ್ಷಿ ತೋಟಗಳ ಪಕ್ಕದಲ್ಲಿ ಮೂರು ಮಹಡಿಯ ಕಟ್ಟಡಗಳು ಎದ್ದವು. ಈಗ ದೊಡ್ಡಗೊಲ್ಲಹಳ್ಳಿ ಸುತ್ತ ಸುಮಾರು 300 ಎಕರೆಯಲ್ಲಿ ಐಫೋನ್ ಜೋಡಿಸುವ ಫಾಕ್ಸ್‌ಕಾನ್ ಕಾರ್ಖಾನೆ ಬಂದಿದೆ. ಅಲ್ಲಿ ದುಡಿಯುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಹೊಸಕೋಟೆಯ ಪಿಲ್ಲಗುಂಪೆಯ ಕಾರ್ಖಾನೆಗಳಿಗೂ, ಕೋಲಾರ ಗಡಿಯಾಚೆಯ ನರಸಾಪುರಕ್ಕೂ ಬೆಳಗಿನ ಜಾವ ಬಸ್ಸು ಹತ್ತುವವರು, ನೆಲಮಂಗಲ ಕಡೆಯ ದಾಬಸ್‌ಪೇಟೆ ಸೋಂಪುರದ ಗೋದಾಮುಗಳಲ್ಲಿ ಲೋಡಿಂಗ್ ಮಾಡುವವರು, ನಮ್ಮೂರಿನ ಅಪರೆಲ್ ಪಾರ್ಕಿನಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುವವರು, ಎಲ್ಲರಿಗೂ ಒಂದು ರೂಮು ಬೇಕು. ಒಡಿಶಾ, ಬಿಹಾರ, ಅಸ್ಸಾಮಿನಿಂದ ಬಂದವರ ಜೊತೆ ರಾಯಚೂರು, ಕಲಬುರಗಿಯವರೂ ಇದ್ದಾರೆ. ಬಾಶೆಟ್ಟಿಹಳ್ಳಿಯ ಗೋಡೆಗಳ ಮೇಲೆ ‘ಮನೆ ಬಾಡಿಗೆಗೆ ಇದೆ’ ಎಂಬ ಬರಹದ ಕೆಳಗೆ ಅದೇ ಮಾತು ಹಿಂದಿಯಲ್ಲೂ ಇರುತ್ತದೆ.

ಈ ಮಾಲೀಕರಲ್ಲಿ ಬಹುಪಾಲು ಮೊದಲ ತಲೆಮಾರಿನವರು, ಅದನ್ನು ಮರೆಯಬಾರದು. ಅಜ್ಜ ಬೇರೆಯವರ ಹೊಲವನ್ನು ವಾರಕ್ಕೋ ಗುತ್ತಿಗೆಗೋ ಮಾಡಿದವನು. ಭೂಸುಧಾರಣೆಯ ತಿದ್ದುಪಡಿ ಜಾರಿಯಾದದ್ದು 1974ರ ಮಾರ್ಚ್ 1ರಂದು. ಉಳುವವನೇ ಹೊಲದೊಡೆಯ ಎಂದಾಯಿತು. ‘ಫಾರಂ ಏಳು’ ತುಂಬಿ, ನ್ಯಾಯಮಂಡಳಿಯ ಮುಂದೆ ನಿಂತು, ಎರಡೋ ಮೂರೋ ಎಕರೆಗೆ ಹೆಸರು ಬರೆಸಿಕೊಂಡವರ ಮೊಮ್ಮಕ್ಕಳೇ ಇವತ್ತು ಅದೇ ಎರಡೆಕರೆಯ ಪರಿಹಾರದ ಹಣದಲ್ಲಿ ಹನ್ನೆರಡು ರೂಮು ಕಟ್ಟಿ ಬಾಡಿಗೆ ಎಣಿಸುತ್ತಿದ್ದಾರೆ. ಇದು ಬೇಡವೆಂದವರೂ ಇದ್ದಾರೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ ರೈತರು 1,777 ಎಕರೆ ಸ್ವಾಧೀನದ ವಿರುದ್ಧ 2022ರ ಏಪ್ರಿಲ್‌ನಲ್ಲಿ ಧರಣಿ ಕೂತವರು ಎದ್ದದ್ದು 2025ರ ಜುಲೈನಲ್ಲಿ, ಸರ್ಕಾರ ಕೈಬಿಟ್ಟ ಮೇಲೆ. ಅವರು ಹೊಲವನ್ನೇ ಇಟ್ಟುಕೊಂಡರು. ಉಳಿದವರಿಗೆ ಬಂದದ್ದು ಹಣ, ಹಣದಿಂದ ಆದದ್ದು ಕಟ್ಟಡ. ಆದರೆ ಕಟ್ಟಡದ ಬೇಸಾಯ ಅವರಿಗೆ ಯಾರೂ ಕಲಿಸಿರಲಿಲ್ಲ.

ಅಲ್ಲಿಗೆ ಬರುತ್ತಾನೆ ಮ್ಯಾನೇಜರ್.

ಕನ್ನಡದಲ್ಲಿ ಈ ಕೆಲಸಕ್ಕೆ ಹಳೆಯ ಹೆಸರೊಂದಿದೆ, ಪಾರುಪತ್ಯ. ಬೇರೆಯವರ ಆಸ್ತಿಯನ್ನು ಅವರ ಪರವಾಗಿ ನೋಡಿಕೊಳ್ಳುವುದು. ದೇವಸ್ಥಾನಗಳಿಗೆ ಪಾರುಪತ್ತೇಗಾರರಿದ್ದರು, ದೊಡ್ಡ ಜಮೀನಿಗೆ ಗುಮಾಸ್ತರಿದ್ದರು, ಊರ ಲೆಕ್ಕಕ್ಕೆ ಶಾನುಭೋಗರಿದ್ದರು. ಒಡೆಯ ಪಟ್ಟಣದಲ್ಲಿ, ದುಡಿಯುವವನು ಹೊಲದಲ್ಲಿ, ಪುಸ್ತಕ ಮಾತ್ರ ನಡುವಿನವನ ಕೈಯಲ್ಲಿ. ನಡುವಿನವನ ಬಗ್ಗೆ ನಮ್ಮ ಜನಕ್ಕೆ ಏನನ್ನಿಸುತ್ತಿತ್ತು ಎಂಬುದು ಆ ಪದವೇ ಹಿಡಿದ ದಾರಿಯಲ್ಲಿ ಗೊತ್ತಾಗುತ್ತದೆ. ‘ಎಲ್ಲಾ ಅವನದೇ ಪಾರುಪತ್ಯ’ ಎಂದು ಈಗ ಯಾರೂ ಹೊಗಳಿಕೆಯಾಗಿ ಹೇಳುವುದಿಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ತಿರುಗಿಬಿದ್ದಾಗ ಜಗಳ ನಿಂತದ್ದು ಒಂದು ಕೊಳಗದ ಮೇಲೆ. ಗೇಣಿ ಭತ್ತ ಅಳೆಯುವ ಕೊಳಗ ದೊಡ್ಡದಿತ್ತು. ಗೇಣಿ ಎಷ್ಟು ಎನ್ನುವುದಕ್ಕಿಂತ ಅದನ್ನು ಯಾರ ಅಳತೆಯಲ್ಲಿ ಅಳೆಯುತ್ತಾರೆ ಎನ್ನುವುದರಲ್ಲೇ ಎಲ್ಲ ಇತ್ತು. ನಮ್ಮ ಆರು ಮನೆಯ ಕಥೆಯೂ ಕೊನೆಗೆ ಕೊಳಗದ ಕಥೆಯೇ ಆಯಿತು, ಅದನ್ನು ಮುಂದೆ ಹೇಳುತ್ತೇನೆ.

ನಮ್ಮ ಕಡೆ ಮ್ಯಾನೇಜರ್ ಎಂದರೆ ಒಂದೇ ಬಗೆಯಲ್ಲ. ಎಲ್ಲಕ್ಕಿಂತ ಹಳೆಯದು ವಠಾರದ ಪದ್ಧತಿ: ಸಾಲಿನ ಮೊದಲ ಮನೆಯವನಿಗೆ ಬಾಡಿಗೆಯಲ್ಲಿ ಒಂದಿಷ್ಟು ಬಿಟ್ಟು, ಅವನು ಮೋಟರ್ ಹಾಕಬೇಕು, ಗೇಟಿಗೆ ಬೀಗ ಹಾಕಬೇಕು, ಬಾಡಿಗೆ ಒಟ್ಟುಮಾಡಿ ಕೊಡಬೇಕು. ಇದರಲ್ಲಿ ಮೋಸ ಕಡಿಮೆ, ಜಗಳ ಜಾಸ್ತಿ. ಎರಡನೆಯವನು ಬ್ರೋಕರ್. ಮನೆ ಹಿಡಿದುಕೊಟ್ಟು ಒಂದು ತಿಂಗಳ ಬಾಡಿಗೆ ಇಸಿದುಕೊಂಡು ಹೋಗಬೇಕಾದವನು ಹೋಗದೆ ಉಳಿದು, ‘ನೀವ್ಯಾಕೆ ಓಡಾಡ್ತೀರಾ, ನಾನೇ ನೋಡ್ಕೊತೀನಿ ಬಿಡಿ ಸಾರ್’ ಎನ್ನುತ್ತಾನೆ. ಕೈಗಾರಿಕಾ ಪ್ರದೇಶಗಳ ಹತ್ತಿರ ಮೂರನೆಯವನೊಬ್ಬನಿದ್ದಾನೆ. ಅವನು ಲೇಬರ್ ಕಂಟ್ರಾಕ್ಟರ್. ಹತ್ತು ರೂಮನ್ನು ಒಟ್ಟಿಗೆ ಹಿಡಿದು ತನ್ನ ಹುಡುಗರನ್ನು ತುಂಬುತ್ತಾನೆ. ಒಂದು ರೂಮಿನಲ್ಲಿ ಎಷ್ಟು ಜನ ಎನ್ನುವುದು ಮಾಲೀಕನಿಗೆ ಗೊತ್ತಾಗುವುದು ಪಿಟ್ ತುಂಬಿ ಬೀದಿಗೆ ಹರಿದಾಗ. ದೇವನಹಳ್ಳಿ ಸುತ್ತಲಿನ ಗೇಟು ಹಾಕಿದ ವಿಲ್ಲಾಗಳ ಲೋಕ ಬೇರೆ. ಮಾಲೀಕರು ಅಮೆರಿಕದಲ್ಲೋ ಸಿಂಗಪುರದಲ್ಲೋ ಇರುತ್ತಾರೆ. ಮ್ಯಾನೇಜರ್ ವಾರಕ್ಕೊಮ್ಮೆ ಹೋಗಿ ಕಿಟಕಿ ತೆರೆದು, ನಲ್ಲಿ ಬಿಟ್ಟು, ವಿಡಿಯೊ ಮಾಡಿ ಕಳಿಸುತ್ತಾನೆ.

ಇನ್ನೊಂದು ಬಗೆ ಇದೆ. ಅದನ್ನು ಬಿಡಿಸಿಯೇ ಹೇಳಬೇಕು, ಏಕೆಂದರೆ ಬೆಂಗಳೂರಿನಲ್ಲಿ ಇತ್ತೀಚಿನ ವರ್ಷಗಳಲ್ಲಿ ಪೊಲೀಸ್ ಠಾಣೆಗಳ ಮುಂದೆ ಮಾಲೀಕರನ್ನೂ ಬಾಡಿಗೆದಾರರನ್ನೂ ಒಟ್ಟಿಗೆ ನಿಲ್ಲಿಸಿದ್ದು ಇದೇ. ಒಂದು ಸಂಸ್ಥೆ ನಿಮ್ಮ ಬಳಿ ಬಂದು ‘ಮನೆ ಖಾಲಿ ಇರಲಿ ತುಂಬಿರಲಿ, ತಿಂಗಳಿಗೆ 20 ಸಾವಿರ ನಿಮ್ಮ ಖಾತೆಗೆ ಬೀಳುತ್ತದೆ’ ಎನ್ನುತ್ತದೆ. ನೀವು ಬಾಡಿಗೆ ಕರಾರು ಮಾಡಿಕೊಡುತ್ತೀರಿ. ಅವರು ಅದೇ ಮನೆಯನ್ನು ಬೇರೊಂದು ಸಂಸಾರಕ್ಕೆ ಭೋಗ್ಯಕ್ಕೆ ಕೊಡುತ್ತಾರೆ. 12 ಲಕ್ಷ ಒಟ್ಟಿಗೆ ಇಸಿದುಕೊಂಡು, ಬಾಡಿಗೆ ಬೇಡ, ಮೂರು ವರ್ಷದ ನಂತರ ಪೂರ್ತಿ ವಾಪಸ್ ಎನ್ನುತ್ತಾರೆ. ಆ 12 ಲಕ್ಷದಿಂದಲೇ ನಿಮಗೆ ತಿಂಗಳ 20 ಸಾವಿರ ಬರುತ್ತಿರುತ್ತದೆ. ಲೆಕ್ಕ ಹಾಕಿ, 60 ತಿಂಗಳಿಗೆ ಆ ಗಂಟು ಪೂರ್ತಿ ಕರಗುತ್ತದೆ. ಹಾಗಾದರೆ ಮೂರು ವರ್ಷಕ್ಕೆ ಆ ಸಂಸಾರಕ್ಕೆ ವಾಪಸ್ ಕೊಡುವುದು ಎಲ್ಲಿಂದ? ಇನ್ನೊಂದು ಮನೆ ಹಿಡಿದು, ಇನ್ನೊಬ್ಬರ ಭೋಗ್ಯದ ದುಡ್ಡಿನಿಂದ. ಸರಪಳಿ ಒಂದು ಕಡೆ ಕಡಿದ ದಿನ ಮಾಲೀಕನಿಗೆ ಬಾಡಿಗೆ ನಿಲ್ಲುತ್ತದೆ. ಅವನು ಮನೆಗೆ ಹೋಗಿ ಬಾಗಿಲು ಬಡಿದರೆ ಒಳಗಿನಿಂದ ಹೊರಬಂದವರು ‘ನಾವು 12 ಲಕ್ಷ ಕೊಟ್ಟಿದ್ದೀವಿ, ನೀವ್ಯಾರು?’ ಎನ್ನುತ್ತಾರೆ. ಒಡವೆ ಒತ್ತೆಯಿಟ್ಟು ಆ ಹಣ ತಂದವರು ಅವರು. ಮೋಸ ಹೋದ ಇಬ್ಬರು ಒಂದೇ ಹೊಸಿಲಿನ ಎರಡು ಕಡೆ ನಿಂತು ಬೈದಾಡುತ್ತಾರೆ. ನಡುವಿನವನ ಫೋನು ಸ್ವಿಚ್ ಆಫ್.

ನಮ್ಮ ಮ್ಯಾನೇಜರ್ ಅಷ್ಟು ದೊಡ್ಡ ಕುಳವಲ್ಲ. ಬ್ರೋಕರಾಗಿ ಬಂದು ಉಳಿದುಕೊಂಡ ಬಗೆ. ಅಮ್ಮನ ಮಂಡಿ ಆಪರೇಷನ್ ಆದದ್ದು 2023ರ ಮಳೆಗಾಲದಲ್ಲಿ. ಅವಳನ್ನು ಯಲಹಂಕದ ನನ್ನ ಮನೆಗೆ ಕರೆತಂದೆ. ಆರು ಮನೆಯ ಬಾಡಿಗೆಯಲ್ಲಿ ನೂರಕ್ಕೆ ಎಂಟು ರೂಪಾಯಿ ಅವನಿಗೆ, ಹೊಸಬರನ್ನು ಹಿಡಿದಾಗ ಅರ್ಧ ತಿಂಗಳ ಬಾಡಿಗೆ ಹೆಚ್ಚುವರಿ. ಬಾಯಿಮಾತಿನ ಒಪ್ಪಂದ. ನಾನು ಓದಿದವನು, ಪತ್ರಿಕೆಗಳಲ್ಲಿ ಬರೆಯುವವನು, ಒಂದು ಕಾಗದದ ಮೇಲೆ ನಾಲ್ಕು ಸಾಲು ಬರೆಸಿಕೊಳ್ಳಲಿಲ್ಲ. ಅಮ್ಮ ಒಂದು ಸಲ ಕೇಳಿದಳು: ‘ಪುಸ್ತಕ ಅವನಿಗೆ ಕೊಡ್ಬೇಕಾ?’ ಬೇಡ, ಅವನು ಮೊಬೈಲಿನಲ್ಲೇ ಎಲ್ಲ ಕಳಿಸುತ್ತಾನೆ ಎಂದೆ. ಕಳಿಸಿದ ಕೂಡ. ತಿಂಗಳ ಐದನೇ ತಾರೀಖು ವಾಟ್ಸ್‌ಆ್ಯಪಿಗೆ ಒಂದು ಪಟ್ಟಿ, ಬಣ್ಣಬಣ್ಣದ ಚೌಕಗಳಲ್ಲಿ. ಅಕ್ಟೋಬರಿನಿಂದ ಮೂರನೇ ಚೌಕ ಕೆಂಪು: ‘ಖಾಲಿ’.

ಅಮ್ಮ ಊರಿಗೆ ವಾಪಸಾದದ್ದು ಮರುವರ್ಷ ಫೆಬ್ರವರಿಯಲ್ಲಿ. ಕೋಲು ಊರಿಕೊಂಡು ಸಾಲಿನ ಉದ್ದಕ್ಕೂ ಒಂದು ಸುತ್ತು ಹಾಕಿದಳು. ಮೂರನೇ ಮನೆಗೆ ಬೀಗ. ಅವಳ ಕಣ್ಣು ಬಿದ್ದದ್ದು ಬೀಗದ ಮೇಲಲ್ಲ, ಮೀಟರ್ ಬೋರ್ಡಿನ ಮೇಲೆ. ಅಪ್ಪ ಹಟ ಹಿಡಿದು ಆರು ಮನೆಗೂ ಬೇರೆ ಬೇರೆ ಮೀಟರ್ ಹಾಕಿಸಿದ್ದ. ಬೋರ್ಡಿನ ಹಿಂದೆ ತಿಂಗಳು ತಿಂಗಳಿನ ಕರೆಂಟ್ ಬಿಲ್ಲುಗಳನ್ನು ಮೀಟರ್ ಓದುವವರು ಸಿಕ್ಕಿಸಿ ಹೋಗಿದ್ದರು. ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ ಬಂದು ಹಿಂದಿನ ಆಗಸ್ಟಿನಿಂದ ಶೂನ್ಯ ಬಿಲ್ಲಾದ ಮೇಲೆ ಅವುಗಳನ್ನು ಯಾರೂ ತೆಗೆದು ನೋಡುತ್ತಿರಲಿಲ್ಲ. ಕಟ್ಟುವ ದುಡ್ಡು ಸೊನ್ನೆಯಾದರೆ ಕಾಗದ ಯಾಕೆ ಓದಬೇಕು? ಆದರೆ ದುಡ್ಡು ಸೊನ್ನೆಯಾದರೂ ಬಿಲ್ಲಿನಲ್ಲಿ ಯೂನಿಟ್ಟು ಸೊನ್ನೆಯಾಗುವುದಿಲ್ಲ. ಅಮ್ಮ ಕನ್ನಡಕ ಹಾಕಿಕೊಂಡು ಮೂರನೇ ಮನೆಯ ಬಿಲ್ಲುಗಳನ್ನು ಆರಿಸಿಟ್ಟಳು. ಅಕ್ಟೋಬರಿನಲ್ಲಿ 41. ನವೆಂಬರಿನಲ್ಲಿ 58. ಡಿಸೆಂಬರಿನಲ್ಲಿ 64. ಜನವರಿಯಲ್ಲಿ 62.

‘ಖಾಲಿ ಮನೆಗೆ ಕತ್ಲಲ್ಲಿ ಭಯ ಆಗುತ್ತೇನೋ, ದೀಪ ಹಚ್ಕೊಂಡಿದೆ’ ಎಂದಳು ಫೋನಿನಲ್ಲಿ.

ಮ್ಯಾನೇಜರನ್ನು ಕೇಳಿದರೆ, ‘ಅಮ್ಮಾ, ಪೇಂಟಿಂಗ್ ಕೆಲಸದವ್ರು ಉಳ್ಕೊಂಡಿದ್ರು’ ಎಂದ. ನಾಲ್ಕು ತಿಂಗಳು ಪೇಂಟ್ ಮಾಡಲು ಅದೇನು ಮೈಸೂರು ಅರಮನೆಯೇ? ಆ ಸಂಜೆ ಅಮ್ಮ ಸಂಪಿನ ಕಟ್ಟೆಯ ಮೇಲೆ ಕೂತಳು. ಏಳೂವರೆಗೆ ಕಾರ್ಖಾನೆಯ ಬಸ್ಸು ಇಳಿದು ಮೂವರು ಹುಡುಗರು ಬಂದು ಮೂರನೇ ಮನೆಯ ಬೀಗ ತೆಗೆದರು. ಒಡಿಶಾದವರು. ಅಡ್ವಾನ್ಸು ಹತ್ತು ಸಾವಿರ, ಬಾಡಿಗೆ ತಿಂಗಳು ತಿಂಗಳು ಕೈಗೇ ಕೊಟ್ಟಿದ್ದರು, ಚೀಟಿಯಿಲ್ಲ. ಅಮ್ಮ ನೀವು ಯಾರೆಂದು ಕೇಳುವ ಮೊದಲೇ ಅವರಲ್ಲಿ ದೊಡ್ಡವನು ಮರ್ಯಾದೆಯಿಂದಲೇ ಕೇಳಿದ: ‘ಆಪ್ ಕೌನ್?’

ನನ್ನ ಗಂಡ ಇಟ್ಟಿಗೆ ಹೊತ್ತು ಕಟ್ಟಿದ ಮನೆಯ ಮುಂದೆ ನನ್ನನ್ನೇ ಯಾರು ಎಂದು ಕೇಳಿದರು ಎಂದು ಅಮ್ಮ ಅಳುತ್ತಾಳೆ ಅಂದುಕೊಂಡಿದ್ದೆ. ಅವಳು ಹೇಳಿದ್ದು ಬೇರೆ: ‘ಪಾಪ ಆ ಹುಡುಗ್ರಿಗೆ ಅವನೇ ಓನರು. ಅವ್ರ ತಪ್ಪೇನಿದೆ?’

ಆ ರಾತ್ರಿ ನಾನು ಕಾನೂನು ತಿರುವಿಹಾಕಿದೆ. ಕಳೆದುಕೊಂಡ ಮೇಲೆ ಕಾನೂನು ಓದುವುದು ನಮ್ಮ ಕುಲದ ಅಭ್ಯಾಸ. 1872ರ ಭಾರತೀಯ ಕರಾರು ಕಾಯ್ದೆಯಲ್ಲಿ ಏಜೆಂಟರ ಬಗ್ಗೆ ಒಂದು ಅಧ್ಯಾಯವೇ ಇದೆ. ಕೇಳಿದಾಗ ಸರಿಯಾದ ಲೆಕ್ಕ ಕೊಡಲು ಏಜೆಂಟ್ ಬದ್ಧ ಎನ್ನುತ್ತದೆ 213ನೇ ಕಲಂ. ಯಜಮಾನನಿಗೆ ತಿಳಿಸದೆ ಯಜಮಾನನ ವ್ಯವಹಾರದಲ್ಲಿ ತನ್ನದೇ ಲಾಭ ಮಾಡಿಕೊಂಡರೆ ಆ ಲಾಭವನ್ನು ಯಜಮಾನ ಕೇಳಬಹುದು ಎನ್ನುತ್ತದೆ 216ನೆಯದು. ಬಾಯಿಮಾತಿನ ಒಪ್ಪಂದಕ್ಕೂ ಇದು ಅನ್ವಯಿಸುತ್ತದೆ, ರುಜುವಾತು ಮಾಡುವುದು ಮಾತ್ರ ನಮ್ಮ ಹಣೆಬರಹ. ಇನ್ನು ಬಾಡಿಗೆ ಕಾಯ್ದೆ. ಕರ್ನಾಟಕ ಬಾಡಿಗೆ ಕಾಯ್ದೆ 1999ರದ್ದು, ಜಾರಿಗೆ ಬಂದದ್ದು 2001ರ ಡಿಸೆಂಬರ್ 31ಕ್ಕೆ. ಮನೆ ಹಿಡಿದುಕೊಡುವ ಮಧ್ಯವರ್ತಿ ನೋಂದಾಯಿಸಿಕೊಂಡಿರಬೇಕು ಎಂದು ಅದು ಹೇಳುತ್ತದೆ. ನೋಂದಾಯಿಸಿಕೊಂಡ ಬ್ರೋಕರನ್ನು ನಾನಂತೂ ಇನ್ನೂ ನೋಡಿಲ್ಲ. ಬಾಡಿಗೆ ಬೆಂಗಳೂರಿನಂಥ ಕಡೆ ತಿಂಗಳಿಗೆ 3,500, ಉಳಿದೆಡೆ 2,000 ದಾಟಿದರೆ ಆ ಮನೆಗೆ ಈ ಕಾಯ್ದೆಯೇ ಅನ್ವಯಿಸುವುದಿಲ್ಲ. ಇವತ್ತು ಎರಡು ಸಾವಿರಕ್ಕೆ ನಮ್ಮೂರಲ್ಲಿ ಬೈಕ್ ನಿಲ್ಲಿಸುವ ಜಾಗ ಸಿಕ್ಕರೆ ಪುಣ್ಯ. ಹೀಗಾಗಿ ನಮ್ಮ ಓನರಮ್ಮಂದಿರೆಲ್ಲ 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಕೆಳಗೇ ಬದುಕುತ್ತಿದ್ದಾರೆ: ತಿಂಗಳ ಬಾಡಿಗೆಯಾದರೆ ಬಿಡಿಸಲು 15 ದಿನದ ನೋಟಿಸು, ವರ್ಷ ದಾಟುವ ಕರಾರಾದರೆ ನೋಂದಣಿ ಕಡ್ಡಾಯ. ಎಲ್ಲರೂ 11 ತಿಂಗಳ ಕರಾರು ಬರೆಯುವುದು ಆ ಕಡ್ಡಾಯದಿಂದ ತಪ್ಪಿಸಿಕೊಳ್ಳಲಿಕ್ಕೆ.

ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ‘ಪ್ರಾಪರ್ಟಿ ಮ್ಯಾನೇಜರ್’ ಎಂಬ ಹೆಸರೇ ಇದೆ, ಅವನ ಕೆಲಸದ ಪಟ್ಟಿಯೂ ಇದೆ. ಬಾಡಿಗೆ ಇಸಿದುಕೊಂಡರೆ ರಸೀದಿ ಕೊಡಬೇಕು, ಮಾಲೀಕರ ಪರವಾಗಿ ರಿಪೇರಿ ಮಾಡಿಸಬೇಕು, ಆಗಾಗ ಮನೆ ನೋಡಿ ಬರಬೇಕು, ಜಗಳ ಬಿಡಿಸಲು ನೆರವಾಗಬೇಕು. ವಾಸದ ಮನೆಯ ಅಡ್ವಾನ್ಸು ಎರಡು ತಿಂಗಳ ಬಾಡಿಗೆ ಮೀರಬಾರದು ಎಂದೂ ಇದೆ. ಹತ್ತು ತಿಂಗಳ ಅಡ್ವಾನ್ಸಿಗೆ ಒಗ್ಗಿಹೋದ ಬೆಂಗಳೂರಿನ ಮಾಲೀಕರಿಗೆ ಇದನ್ನು ಓದಿ ಹೇಳಿದರೆ ನಗುತ್ತಾರೆ. ಮಾದರಿ ಕಾಯ್ದೆ ಮಾದರಿಯಷ್ಟೆ, ರಾಜ್ಯ ತನ್ನದಾಗಿ ಮಾಡಿಕೊಳ್ಳುವ ತನಕ ಕಾಗದ.

ಇಷ್ಟು ಹೇಳಿದ ಮೇಲೆ ಮಾಲೀಕರ ಮಾತನ್ನೂ ಆಡಬೇಕು. ಮ್ಯಾನೇಜರನ್ನು ಕಳ್ಳ ಎನ್ನುವುದು ಸುಲಭ, ಆದರೆ ಅವನನ್ನು ನಾವು ಇಟ್ಟುಕೊಳ್ಳುವುದು ಮಂಡಿನೋವಿಗೆ ಮಾತ್ರವಲ್ಲ. ನಮ್ಮ ಬಾಯಲ್ಲಿ ಬರಬಾರದ ಮಾತನ್ನು ಅವನ ಬಾಯಲ್ಲಿ ಹೇಳಿಸಲಿಕ್ಕೂ ಅವನು ಬೇಕು. ಮನೆ ಕೇಳಲು ಬಂದವರನ್ನು ‘ನೀವು ಯಾವ ಜನ?’ ಎಂದು ಕೇಳುವವನು ಅವನು. ‘ನಾನ್‌ವೆಜ್ ಮಾಡ್ತೀರಾ?’ ಎಂದು ಕೇಳುವವನು ಅವನು. ಹೆಸರು ಕೇಳಿದ ಕೂಡಲೇ ‘ಈಗಷ್ಟೇ ಬೇರೆಯವ್ರು ಅಡ್ವಾನ್ಸ್ ಕೊಟ್ಬಿಟ್ರು’ ಎನ್ನುವವನೂ ಅವನೇ. ಸಂಜೆ ಫೋನು ಮಾಡಿ ‘ಒಬ್ರು ಬಂದಿದ್ರು, ನಾನೇ ಕಳಿಸ್ದೆ’ ಎಂದರೆ ನಾವು ಯಾಕೆ ಎಂದು ಕೇಳುವುದಿಲ್ಲ. ಕೇಳದೇ ಇರುವುದಕ್ಕೇ ಅವನಿಗೆ ನೂರಕ್ಕೆ ಎಂಟು. ಕಾರ್ಖಾನೆಯಲ್ಲಿ ಒಂದೇ ಸಾಲಿನಲ್ಲಿ ಕೂತು ಒಂದೇ ಅಂಗಿಗೆ ಕಾಲರ್ ಹೊಲಿಯುವ ಇಬ್ಬರಲ್ಲಿ ಒಬ್ಬರಿಗೆ ಪೇಟೆಯೊಳಗೆ ಮನೆ ಸಿಗುತ್ತದೆ, ಇನ್ನೊಬ್ಬರು ಊರಾಚೆ ಶೀಟಿನ ರೂಮಿಗೆ ಹೋಗುತ್ತಾರೆ. ಓನರ್ ಒಪ್ಪಲ್ಲ ಎನ್ನುತ್ತಾನೆ ಮ್ಯಾನೇಜರ್. ಅಂಥದ್ದನ್ನೆಲ್ಲ ಮ್ಯಾನೇಜರ್ ನೋಡ್ಕೊತಾನೆ ಎನ್ನುತ್ತಾನೆ ಓನರ್. ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆಯನ್ನು ‘ಪೇಂಟಿಂಗ್’ ಎಂದು ಮುರಿದುಕೊಂಡು ಸುಣ್ಣದ ಡಬ್ಬಿಯನ್ನೂ ತೆರೆಯದ ಮಾಲೀಕರನ್ನು ನಾನು ನೋಡಿದ್ದೇನೆ. ನಮ್ಮ ಮನೆಯಲ್ಲೂ ಒಂದು ವರ್ಷ ಹಾಗಾಗಿತ್ತು. ಪುಸ್ತಕದಲ್ಲಿ ಅದು ಅಮ್ಮನ ಕೈಬರಹದಲ್ಲೇ ಇದೆ.

ಈ ಮುಸುಕಿನ ವ್ಯವಹಾರ ನಮ್ಮದು ಮಾತ್ರವಲ್ಲ. ‘ಬಾಯ್ಕಾಟ್’ ಎಂಬ ಪದ ನಮ್ಮ ಪತ್ರಿಕೆಗಳಲ್ಲೂ ದಿನಾ ಬರುತ್ತದಲ್ಲ, ಅದು ಒಬ್ಬ ಪ್ರಾಪರ್ಟಿ ಮ್ಯಾನೇಜರನ ಹೆಸರು. ಚಾರ್ಲ್ಸ್ ಬಾಯ್ಕಾಟ್, ಐರ್ಲೆಂಡಿನ ಮೇಯೊ ಸೀಮೆಯಲ್ಲಿ ಅರ್ನ್ ಎಂಬ ಜಮೀನ್ದಾರನ ಏಜೆಂಟ್. 1880ರಲ್ಲಿ ಗೇಣಿ ಇಳಿಸಿ ಎಂದ ರೈತರ ಮೇಲೆ ಒಕ್ಕಲೆಬ್ಬಿಸುವ ನೋಟಿಸು ತಂದಾಗ ಊರಿಗೆ ಊರೇ ಅವನನ್ನು ಬಹಿಷ್ಕರಿಸಿತು. ಆಳುಗಳು ಮನೆ ಬಿಟ್ಟರು, ಅಂಗಡಿಯವರು ಸಾಮಾನು ಕೊಡಲಿಲ್ಲ. ಕೊನೆಗೆ ಅವನ ಬೆಳೆ ಕೊಯ್ಯಲು ಉತ್ತರದಿಂದ 50 ಸ್ವಯಂಸೇವಕರು ಬಂದರು, ಅವರನ್ನು ಕಾಯಲು ಸೈನ್ಯ ಬಂತು. ಕೊಯ್ದ ಬೆಳೆಗಿಂತ ಕಾವಲಿನ ಖರ್ಚು ಎಷ್ಟೋ ಪಟ್ಟು ಹೆಚ್ಚಾಯಿತು. ಜಮೀನ್ದಾರ ಅರ್ನ್ ಯಾರಿಗೂ ನೆನಪಿಲ್ಲ. ಬೈಗುಳವಾಗಿ ಉಳಿದದ್ದು ನಡುವಿನವನ ಹೆಸರು. ಅದೇ ಕಾಲದಲ್ಲಿ ಲಂಡನ್ನಿನಲ್ಲಿ ಆಕ್ಟೇವಿಯಾ ಹಿಲ್ ಎಂಬ ಹೆಂಗಸು ಬೇರೆ ದಾರಿ ಹಿಡಿದಿದ್ದಳು. ಲೇಖಕ ರಸ್ಕಿನ್ ಹಾಕಿದ ಬಂಡವಾಳದಿಂದ 1865ರಲ್ಲಿ ಮ್ಯಾರಿಲೆಬೊನ್‌ನ ಮೂರು ಮುರುಕಲು ಮನೆಗಳ ಪಾರುಪತ್ಯ ವಹಿಸಿಕೊಂಡು, ವಾರವಾರ ತಾನೇ ಬಾಗಿಲಿಗೆ ಹೋಗಿ ಬಾಡಿಗೆ ಇಸಿದುಕೊಳ್ಳುತ್ತಿದ್ದಳು. ಬಂಡವಾಳಕ್ಕೆ ನೂರಕ್ಕೆ ಐದು ಲಾಭ, ಮಿಕ್ಕದ್ದು ಮನೆಗಳ ದುರಸ್ತಿಗೆ. ಬಡವರ ಮೇಲೆ ಅವಳು ತೀರಾ ಕಟ್ಟುನಿಟ್ಟು ಎಂಬ ದೂರೂ ಇತ್ತು. ಅಮ್ಮನ ಮೇಲೂ ಇದೆ.

ಮರುದಿನ ನಾನು ದೊಡ್ಡಬಳ್ಳಾಪುರಕ್ಕೆ ಹೋದಾಗ ಪೊಲೀಸ್ ಠಾಣೆಗೆ ಹೋಗಬೇಕೆಂದೇ ಹೊರಟಿದ್ದೆ. ಅಮ್ಮ ಮ್ಯಾನೇಜರನ್ನು ಜಗಲಿಯ ಮೇಲೆ ಕೂರಿಸಿ ಕಾಫಿ ಕೊಟ್ಟಿದ್ದಳು. ನಾಲ್ಕೂ ಬಿಲ್ಲುಗಳು ಲೋಟದ ಪಕ್ಕದಲ್ಲಿದ್ದವು.

‘ಎಷ್ಟಪ್ಪಾ ಆಯ್ತು?’

‘ಅಮ್ಮಾ, ಅದು...’

‘ನಾನು ಬೈಯಕ್ಕೆ ಕರೆದಿಲ್ಲ. ಕೂಡ್ಸಿ ಹೇಳು.’

ಅವನೇ ಕೂಡಿಸಿ ಹೇಳಿದ. ನಾಲ್ಕು ತಿಂಗಳ ಬಾಡಿಗೆ, ಅಡ್ವಾನ್ಸ್, ಒಟ್ಟು 28 ಸಾವಿರ. ಅವಳ ಪುಸ್ತಕದಲ್ಲಿ ಅವನ ಕೈಯಿಂದಲೇ ಬರೆಸಿ ಸಹಿ ಹಾಕಿಸಿದಳು. ಎರಡು ಕಂತಿನಲ್ಲಿ ಕೊಟ್ಟ ಕೂಡ. ಅಡ್ವಾನ್ಸು ಹುಡುಗರ ಹೆಸರಲ್ಲಿ ಜಮೆಯಾಯಿತು. ಆಮೇಲೆ ನನ್ನನ್ನು ಬೆಪ್ಪು ಮಾಡಿದ ಮಾತು ಬಂತು: ಅವನೇ ಮುಂದುವರಿಯಲಿ ಎಂದಳು. ಒಳಗೆ ಕರೆದು ಸಿಟ್ಟಿನಿಂದ ಯಾಕೆ ಎಂದೆ.

‘ಇವನು ಎಷ್ಟು ಕದೀತಾನೆ ಅಂತ ಗೊತ್ತಾಯ್ತು. ಬರೋ ಹೊಸಬ್ನದ್ದು ಗೊತ್ತಿಲ್ವಲ್ಲ.’

ಕರಾರು ಮಾತ್ರ ಈ ಸಲ ಕಾಗದದ ಮೇಲೆ, ಮತ್ತು ಅದರ ವಾಕ್ಯಗಳು ನನ್ನವಾದರೂ ಷರತ್ತು ಅವಳದ್ದು. ಬಾಡಿಗೆ ನೇರ ಅಮ್ಮನ ಖಾತೆಗೆ, ಅವನ ಪಾಲು ಅಲ್ಲಿಂದ ಅವನಿಗೆ. ಅಡ್ವಾನ್ಸು ಅವನ ಕೈ ಮುಟ್ಟಕೂಡದು. ಎರಡು ಸಾವಿರ ದಾಟಿದ ರಿಪೇರಿಗೆ ಮೊದಲು ಫೋನು, ಆಮೇಲೆ ಕೆಲಸ, ಹಳೆಯ ಸಾಮಾನು ತಂದು ತೋರಿಸಬೇಕು. ಈ ಕೊನೆಯದನ್ನು ಯಾವ ವಕೀಲರೂ ಬರೆಸಿರಲಾರರು. ಸುಟ್ಟ ಮೋಟರಿನ ಕಾಯಿಲ್, ಸವೆದ ವಾಷರು, ಒಡೆದ ಪೈಪು, ಎಲ್ಲ ಈಗ ಜಗಲಿಯ ಮೂಲೆಯ ಒಂದು ಬಕೆಟ್ಟಿನಲ್ಲಿ ಬೀಳುತ್ತದೆ. ಜನರಲ್ ಪವರ್ ಆಫ್ ಅಟಾರ್ನಿ ಕೊಡಿ, ಸಲೀಸಾಗುತ್ತೆ ಎಂದು ಅವನು ಹಿಂದೊಮ್ಮೆ ಕೇಳಿದ್ದ. ಯಾರಿಗಾದರೂ ನಾನು ಒಂದು ಮಾತು ಹೇಳುವುದಾದರೆ, ಅದನ್ನು ಕೊಡಬೇಡಿ ಎಂಬುದೊಂದನ್ನು ಒತ್ತಿ ಹೇಳುತ್ತೇನೆ. ಬಾಡಿಗೆ ನೋಡಿಕೊಳ್ಳುವವನಿಗೆ ಬೇಕಾದ್ದು ಇಂತಿಂಥ ಕೆಲಸಕ್ಕೆ ಮಾತ್ರ ಎಂದು ಬರೆದ ಒಂದು ಅಧಿಕಾರ ಪತ್ರ. ಎಲ್ಲದಕ್ಕೂ ಅಧಿಕಾರ ಕೊಟ್ಟುಬಿಟ್ಟರೆ ಆಮೇಲೆ ಜಾಗ ಮಾರಿದ ಸುದ್ದಿಯೂ ನಮಗೆ ಬಾಡಿಗೆದಾರರಿಂದಲೇ ತಿಳಿಯುತ್ತದೆ.

‘ಯಾವ ಜನ’ ಎಂದು ಕೇಳಕೂಡದು ಎಂಬ ಷರತ್ತನ್ನೂ ಬರೆಯೋಣವೇ ಎಂದು ಅಮ್ಮನನ್ನು ಕೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಬರಿ ಎಂದಳು. ಅದನ್ನು ಬರೆದು ಒಂದು ವರ್ಷವಾದ ಮೇಲೆ ಐದನೇ ಮನೆಗೆ ಬಂದ ಸಂಸಾರದ ಕಾರಣಕ್ಕೆ ಪಕ್ಕದ ಮನೆಯವರು ಅಮ್ಮನ ಜೊತೆ ಮಾತು ಬಿಟ್ಟಿದ್ದಾರೆ. ಅವಳಿಗೆ ಅದು ನೋವಾಗಿದೆ, ಇಲ್ಲವೆನ್ನುವುದಿಲ್ಲ. ಆ ಹಾಳೆಯನ್ನು ಹರಿದಿಲ್ಲ.

ಒಡಿಶಾದ ಹುಡುಗರಲ್ಲಿ ಇಬ್ಬರು ಹೋದರು, ದೊಡ್ಡವನು ಉಳಿದ. ಅಮ್ಮನ ಮಂಡಿ ಮೆಟ್ಟಿಲು ಹತ್ತಲು ಒಪ್ಪುವುದಿಲ್ಲವಾದ್ದರಿಂದ ಟ್ಯಾಂಕು ತುಂಬಿತೇ ಎಂದು ಮೇಲೆ ಹತ್ತಿ ನೋಡುವುದು ಈಗ ಅವನ ಕೆಲಸ, ಅದಕ್ಕೆ ಬಾಡಿಗೆಯಲ್ಲಿ 200 ರೂಪಾಯಿ ಕಡಿತ. ಬೆಳಗಿನ ಪಾಳಿ ಇದ್ದ ದಿನ ಐದಕ್ಕೇ ಮೋಟರ್ ಹಾಕುತ್ತಾನೆ. ಮಗ್ಗದ ಕಾಲದಲ್ಲಿ ಅಪ್ಪ ಏಳುತ್ತಿದ್ದ ಹೊತ್ತದು. ಖಾತೆಗೆ ಬಾಡಿಗೆ ಹಾಕಿದರೂ ಐದನೇ ತಾರೀಖು ಅವನು ಜಗಲಿಗೆ ಬರಲೇಬೇಕು, ಪುಸ್ತಕದಲ್ಲಿ ಸಹಿ ಹಾಕಬೇಕು. ಅವನು ತನ್ನ ಒಡಿಯಾ ಲಿಪಿಯಲ್ಲಿ ಗುಂಡಗುಂಡಗೆ ಏನೋ ಬರೆಯುತ್ತಾನೆ, ಒಮ್ಮೊಮ್ಮೆ ಸಹಿಗಿಂತ ಉದ್ದ. ಅಮ್ಮನಿಗೆ ಅದನ್ನು ಓದಲು ಬರುವುದಿಲ್ಲ. ಅದರ ಪಕ್ಕದಲ್ಲಿ ಕನ್ನಡದಲ್ಲಿ ತಾರೀಖು ಹಾಕಿ, ಮೀಟರ್ ಬೋರ್ಡಿನಿಂದ ತಂದ ಬಿಲ್ಲು ಬಿಡಿಸಿ, ಆ ತಿಂಗಳ ಯೂನಿಟ್ಟನ್ನೂ ಬರೆದಿಡುತ್ತಾಳೆ.